12/3 ಸರ್ವೆ ನಂಬರೋ, ಮಾರ್ಚ್ ತಿಂಗಳ 12ನೇ ತಾರೀಖೋ?

ಪ್ರಶ್ನೆ: ಮದ್ದೂರು ತಾಲ್ಲೂಕಿನ ಒಂದು ರೈತ ಉತ್ಪಾದಕರ ಕಂಪನಿಯಲ್ಲಿ ಲೆಕ್ಕಪತ್ರ ಮತ್ತು ಕಚೇರಿ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಸದಸ್ಯತ್ವದ ಅರ್ಜಿ ಪಿಡಿಎಫ್ ರೂಪದಲ್ಲಿದೆ. ಹಳ್ಳಿಗಳಿಗೆ ಹೋಗುವ ನಮ್ಮ ಹುಡುಗರು ಅದನ್ನು ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ತುಂಬಿ ವಾಟ್ಸಾಪ್‌ನಲ್ಲಿ ಕಳುಹಿಸುತ್ತಾರೆ. ಕೆಲವರು ಮುದ್ರಿಸಿ, ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡುತ್ತಾರೆ. ಈಗ 640 ಅರ್ಜಿಗಳಿವೆ, ಪ್ರತಿಯೊಂದರಲ್ಲೂ 22 ವಿವರಗಳು. ಎಲ್ಲವನ್ನೂ ನೋಡಿಕೊಂಡು ಎಕ್ಸೆಲ್‌ಗೆ ಟೈಪ್ ಮಾಡುತ್ತಿದ್ದೇನೆ. ಆಮೇಲೆ ಅದೇ ಎಕ್ಸೆಲ್‌ನಿಂದ ಪ್ರತಿ ಸದಸ್ಯರ ಷೇರು ಪತ್ರವನ್ನು ಪಿಡಿಎಫ್ ಆಗಿ ತೆಗೆಯಬೇಕು. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಪಿಡಿಎಫ್ ಅನ್ನು ಎಕ್ಸೆಲ್ ಮಾಡಿಕೊಡುವ ತಾಣಕ್ಕೆ ಹಾಕಿ ನೋಡಿದೆ. ಎಲ್ಲವೂ ಚೆಲ್ಲಾಪಿಲ್ಲಿಯಾಗಿ ಬಂತು. ಬೇರೆ ದಾರಿ ಇದೆಯೇ?

ಉತ್ತರ: ದಾರಿ ಇದೆ. ಆದರೆ ಅದಕ್ಕೆ ಮೊದಲು, ಆ ಉಚಿತ ತಾಣಕ್ಕೆ ಇನ್ನು ಮುಂದೆ ಒಂದು ಅರ್ಜಿಯನ್ನೂ ಹಾಕಬೇಡಿ. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಮೂರೂ ಒಂದೇ ಹಾಳೆಯಲ್ಲಿವೆ. ಅದನ್ನು ಗುರುತು ಪರಿಚಯವಿಲ್ಲದ ಕಂಪ್ಯೂಟರಿಗೆ ಏರಿಸುವುದು, ಸದಸ್ಯರ ಪಾಸ್‌ಬುಕ್ಕುಗಳನ್ನೆಲ್ಲ ಕಟ್ಟುಕಟ್ಟಿ ಮಂಡ್ಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಇಟ್ಟುಬಂದಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿಯನ್ನು ಕಾಪಾಡುವ ಹೊಣೆ ಅದನ್ನು ಜನರಿಂದ ಪಡೆದ ಸಂಸ್ಥೆಯದೇ. ಬೇರೆಯವರ ಕೈಗೆ ಕೊಟ್ಟ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ಕಾಯ್ದೆ ಹಾಗಿರಲಿ, ನಿಮ್ಮ ಸದಸ್ಯರು ನಂಬಿ ಕೊಟ್ಟ ಕಾಗದ ಅದು.

ಅಷ್ಟೇ ಅಲ್ಲ, ಆ ತಾಣ ನಿಮ್ಮ ಕೆಲಸಕ್ಕೆ ಬರುವಂಥದ್ದೂ ಅಲ್ಲ. ಏಕೆಂದು ಹೇಳಿದರೆ ಉಳಿದದ್ದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಪಿಡಿಎಫ್ ಅನ್ನು ಅಡೋಬಿ ಕಂಪನಿ 1993ರಲ್ಲಿ ಹೊರತಂದದ್ದು ಒಂದೇ ಉದ್ದೇಶಕ್ಕೆ: ಯಾವ ಯಂತ್ರದಲ್ಲಿ ತೆರೆದರೂ, ಎಲ್ಲಿ ಮುದ್ರಿಸಿದರೂ ಪುಟ ಒಂದೇ ರೀತಿ ಕಾಣಬೇಕು. ಅದರೊಳಗೆ ಸಾಲು, ಕಾಲಂ, ಕೋಷ್ಟಕ ಎಂಬ ಕಲ್ಪನೆ ಸಾಮಾನ್ಯವಾಗಿ ಇರುವುದಿಲ್ಲ. ಈ ಅಕ್ಷರವನ್ನು ಎಡದಿಂದ ಇಷ್ಟು, ಕೆಳಗಿನಿಂದ ಇಷ್ಟು ದೂರದಲ್ಲಿ ಇಡು ಎಂಬ ಸೂಚನೆಗಳಷ್ಟೇ ಇರುತ್ತವೆ. ತುಂಬಬಹುದಾದ ಖಾನೆಗಳು ಬಂದದ್ದು ಆಮೇಲೆ, 1996ರ ಆವೃತ್ತಿಯಲ್ಲಿ. ಅವನ್ನು ಪುಟದ ಮೇಲೆ ಹೊಲಿದ ಜೇಬುಗಳು ಎಂದುಕೊಳ್ಳಿ. ಪ್ರತಿ ಜೇಬಿಗೂ ಒಂದು ಹೆಸರಿದೆ, ಒಳಗೆ ತುಂಬಿದ ವಿವರವಿದೆ. ಪುಟದ ಚಿತ್ರಕ್ಕೂ ಜೇಬಿನೊಳಗಿನ ವಿವರಕ್ಕೂ ನೇರ ಸಂಬಂಧವಿಲ್ಲ. ನೀವು ಬಳಸಿದ ತಾಣ ಪುಟದ ಚಿತ್ರವನ್ನು ನೋಡಿ ಅದರಲ್ಲಿ ಕೋಷ್ಟಕ ಹುಡುಕುತ್ತದೆ. ಹೊಸ ಎಕ್ಸೆಲ್‌ನಲ್ಲಿ ಪಿಡಿಎಫ್‌ನಿಂದ ಮಾಹಿತಿ ತರುವ ಸೌಲಭ್ಯವಿದೆಯಲ್ಲ, ಅದೂ ಹುಡುಕುವುದು ಪುಟದ ಮೇಲಿನ ಕೋಷ್ಟಕವನ್ನೇ. ಬ್ಯಾಂಕ್ ಸ್ಟೇಟ್‌ಮೆಂಟಿಗೆ, ದರಪಟ್ಟಿಗೆ ಅದು ಒಳ್ಳೆಯದು. ಅರ್ಜಿಯಲ್ಲಿ ಕೋಷ್ಟಕವೇ ಇಲ್ಲ, ಜೇಬುಗಳಿವೆ. ನಿಮಗೆ ಬೇಕಾದದ್ದು ಜೇಬಿಗೆ ಕೈಹಾಕುವ ಸಾಧನ.

ಆದ್ದರಿಂದ ತಂತ್ರಾಂಶ ಹುಡುಕುವ ಮುನ್ನ 640 ಅರ್ಜಿಗಳನ್ನು ಮೂರು ರಾಶಿ ಮಾಡಿ. ಒಂದನ್ನು ಅಡೋಬಿ ರೀಡರ್‌ನಲ್ಲಿ ತೆರೆಯಿರಿ. ಖಾನೆಗಳು ತಿಳಿನೀಲಿ ಬಣ್ಣದಲ್ಲಿ ಕಂಡು, ಒಳಗೆ ಕ್ಲಿಕ್ ಮಾಡಿದರೆ ಅಕ್ಷರ ತಿದ್ದಲು ಬಂದರೆ ಅದು ಮೊದಲ ರಾಶಿ: ಜೇಬುಗಳು ಜೀವಂತವಾಗಿವೆ. ಖಾನೆ ಸಿಗದೆ, ಮೌಸ್ ಎಳೆದರೆ ಅಕ್ಷರಗಳು ಮಾತ್ರ ಆಯ್ಕೆಯಾದರೆ ಎರಡನೆಯದು. ಏನೂ ಆಯ್ಕೆಯಾಗದೆ ಇಡೀ ಪುಟ ಒಂದು ಫೋಟೊದಂತೆ ವರ್ತಿಸಿದರೆ ಮೂರನೆಯದು.

ನೀವು ಮಾಡಿಕೊಟ್ಟದ್ದು ಒಂದೇ ಅರ್ಜಿ. ಆದರೂ ಎರಡನೇ ರಾಶಿ ಹುಟ್ಟಿದ್ದು ಹೇಗೆ? ನಿಮ್ಮ ಹುಡುಗರ ಫೋನಿನಿಂದ. ಅನೇಕ ಫೋನ್ ಆ್ಯಪ್‌ಗಳು ಖಾನೆಯನ್ನು ಮುಟ್ಟದೆ ಅದರ ಮೇಲೆ ಅಕ್ಷರಗಳನ್ನು ಅಂಟಿಸುತ್ತವೆ. ನೋಡಲು ಅರ್ಜಿ ತುಂಬಿದೆ, ಜೇಬು ಮಾತ್ರ ಖಾಲಿ. ಇನ್ನು ಕೆಲವರು ಸರಿಯಾಗಿಯೇ ತುಂಬಿ, ಕೊನೆಯಲ್ಲಿ ಉಳಿಸುವ ಬದಲು ಪಿಡಿಎಫ್ ಆಗಿ ಪ್ರಿಂಟ್ ಮಾಡುತ್ತಾರೆ. ಆಗ ಜೇಬುಗಳನ್ನು ಇಸ್ತ್ರಿ ಹಾಕಿ ಪುಟಕ್ಕೆ ಅಂಟಿಸಿದಂತಾಗುತ್ತದೆ. ಯಾರ ಅರ್ಜಿಗಳು ಹೀಗೆ ಬರುತ್ತಿವೆ ಎಂದು ಹತ್ತು ನಿಮಿಷ ಕುಳಿತು ನೋಡಿ. ಸಾಮಾನ್ಯವಾಗಿ ಒಬ್ಬಿಬ್ಬರ ಫೋನಿನಿಂದಲೇ ಎಲ್ಲವೂ ಬಂದಿರುತ್ತವೆ. ಅವರಿಗೆ ಸರಿಯಾದ ಆ್ಯಪ್ ಹಾಕಿಕೊಟ್ಟರೆ ಮುಂದಿನ ರಾಶಿ ಅಲ್ಲಿಗೇ ನಿಲ್ಲುತ್ತದೆ.

ಮೊದಲ ರಾಶಿಯ ಕೆಲಸ ನೀವು ಅಂದುಕೊಂಡದ್ದಕ್ಕಿಂತ ಬಹಳ ಸಣ್ಣದು. ಕಚೇರಿಯಲ್ಲಿ ಅಡೋಬಿ ಅಕ್ರೊಬ್ಯಾಟ್‌ನ ಹಣ ಕೊಟ್ಟ ಪ್ರೊ ಆವೃತ್ತಿ ಇದ್ದರೆ, 'ಪ್ರಿಪೇರ್ ಫಾರ್ಮ್' ವಿಭಾಗದಲ್ಲಿ ಅರ್ಜಿಗಳ ಮಾಹಿತಿಯನ್ನು ಒಂದೇ ಸ್ಪ್ರೆಡ್‌ಶೀಟ್‌ಗೆ ಕೂಡಿಸುವ ಆಯ್ಕೆ ಇದೆ. ಫೈಲುಗಳನ್ನು ಒಟ್ಟಿಗೆ ತೋರಿಸಿದರೆ ಸಾಕು, ಒಂದು ಅರ್ಜಿಗೆ ಒಂದು ಸಾಲಿನಂತೆ ಸಿಎಸ್‌ವಿ ಫೈಲ್ (ವಿವರಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಪಠ್ಯದ ಫೈಲ್) ಬರುತ್ತದೆ. ಉಚಿತ ರೀಡರ್‌ನಲ್ಲಿ ಈ ಆಯ್ಕೆ ಇಲ್ಲ, ಹುಡುಕಿ ಸಮಯ ಕಳೆಯಬೇಡಿ. ವರ್ಷಕ್ಕೊಮ್ಮೆ ಮಾಡುವ ಈ ಕೆಲಸಕ್ಕಾಗಿ ಪ್ರೊ ಆವೃತ್ತಿಗೆ ಚಂದಾ ಕಟ್ಟಿ ಎಂದು ನಾನು ಹೇಳುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪೈಪಿಡಿಎಫ್ ಎಂಬ ಉಚಿತ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಸಂಗ್ರಹ, ಇದೆ. ಫೋಲ್ಡರಿನಲ್ಲಿರುವ ಅರ್ಜಿಗಳನ್ನು ಒಂದೊಂದಾಗಿ ತೆರೆದು, ಜೇಬಿನ ಹೆಸರು ಮತ್ತು ವಿವರ ಓದಿ, ಸಾಲಾಗಿ ಬರೆಯುವ ಪ್ರೋಗ್ರಾಂ ಇಪ್ಪತ್ತು ಸಾಲು ದಾಟುವುದಿಲ್ಲ. ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಮಕ್ಕಳು ನಿಮ್ಮ ಸದಸ್ಯರ ಮನೆಗಳಲ್ಲೇ ಇರುತ್ತಾರೆ. ಅವರಿಗೆ ಹೇಳಿ, ಒಂದು ಸಂಜೆಯ ಕೆಲಸ. ಖಾಲಿ ಅರ್ಜಿಯನ್ನು ಕೊಟ್ಟು ಬರೆಸಿ, ನಿಮ್ಮ ಕಂಪ್ಯೂಟರಿನಲ್ಲಿ ನೀವೇ ಓಡಿಸಿ.

ಹೀಗೆ ಬರೆಸುವಾಗ ಎರಡು ಮಾತು ಹೇಳಿ. ಮೊದಲ ಕಾಲಂನಲ್ಲಿ ಫೈಲಿನ ಹೆಸರು ಬರಲಿ, ಅನುಮಾನ ಬಂದಾಗ ಮೂಲ ಅರ್ಜಿಯನ್ನು ತೆರೆಯಲು ಅದು ಬೇಕು. ಮತ್ತೊಂದು, ಸಿಎಸ್‌ವಿ ಬೇಡ. ನೇರವಾಗಿ ಎಕ್ಸೆಲ್ ಫೈಲನ್ನೇ ಬರೆಯಲಿ, ಪ್ರತಿಯೊಂದು ವಿವರವನ್ನೂ ಪಠ್ಯವಾಗಿಯೇ ಬರೆಯಲಿ. ಕಾರಣ ಇನ್ನೊಂದು ಗಳಿಗೆಯಲ್ಲಿ ಗೊತ್ತಾಗುತ್ತದೆ.

ಮೊದಲ ಬಾರಿ ಓಡಿಸಿದಾಗ ನಿಮಗೆ ಒಂದು ನಿರಾಸೆ ಕಾದಿದೆ. ಕಾಲಂಗಳ ತಲೆಯಲ್ಲಿ 'ಹೆಸರು', 'ಗ್ರಾಮ' ಎಂದು ಇರುವುದಿಲ್ಲ. 'ಟೆಕ್ಸ್ಟ್ 23', 'ಅನ್‌ಡಿಫೈನ್ಡ್ 4' ಎಂದು ಇರುತ್ತದೆ. ಅರ್ಜಿ ಮಾಡಿದವರು ಖಾನೆ ಎಳೆದರೇ ವಿನಾ ಅದಕ್ಕೆ ಹೆಸರಿಡಲಿಲ್ಲ. ಒಂದು ಖಾಲಿ ಅರ್ಜಿಯನ್ನು ತೆಗೆದುಕೊಂಡು ಪ್ರತಿ ಖಾನೆಯಲ್ಲೂ 1, 2, 3 ಎಂದು ತುಂಬಿ, ಅದನ್ನೊಂದು ಬಾರಿ ಓಡಿಸಿ. ಯಾವ ಹೆಸರು ಯಾವ ಖಾನೆಯದು ಎಂಬುದು ಒಂದೇ ಸಾಲಿನಲ್ಲಿ ಕಾಣುತ್ತದೆ. ಇದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ.

ಆಧಾರ್ ಸಂಖ್ಯೆಗೆ 12 ಚೌಕಗಳನ್ನು ಬರೆದು, ಒಂದೊಂದು ಚೌಕಕ್ಕೂ ಒಂದೊಂದು ಖಾನೆ ಮಾಡಿದ್ದರೆ 12 ಕಾಲಂ ಬರುತ್ತವೆ. ಗಾಬರಿ ಬೇಡ, ಎಕ್ಸೆಲ್‌ನಲ್ಲಿ ಜೋಡಿಸಿಕೊಳ್ಳಬಹುದು. ಟಿಕ್ ಗುರುತಿನ ಖಾನೆಗಳಲ್ಲಿ 'ಯೆಸ್', 'ಆನ್', '1', 'ಆಫ್' ಹೀಗೆ ಏನೇನೋ ಬರಬಹುದು; ಅರ್ಜಿ ಮಾಡುವಾಗ ಆ ಗುರುತಿಗೆ ಕೊಟ್ಟ ಮೌಲ್ಯ ಅದು. ಇನ್ನೊಂದು ವಿಚಿತ್ರ: ಎರಡು ಖಾನೆಗಳಿಗೆ ಒಂದೇ ಹೆಸರಿದ್ದರೆ ಪಿಡಿಎಫ್ ಅವೆರಡನ್ನೂ ಒಂದೇ ಎಂದು ತಿಳಿಯುತ್ತದೆ. ಸದಸ್ಯರ ಹೆಸರಿನ ಖಾನೆಯನ್ನು ನಕಲು ಮಾಡಿ ನಾಮಿನಿಯ ಮುಂದೆ ಇಟ್ಟಿದ್ದರೆ, ಸದಸ್ಯರು ತಮಗೆ ತಾವೇ ನಾಮಿನಿ ಆಗಿರುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಿಡಿಎಫ್‌ನಿಂದ ಮಾಹಿತಿ ಹೊರಗೆ ಬರುವಾಗ ಹಾಳಾಗುವುದು ಅಪರೂಪ. ಹಾಳಾಗುವುದು ಆಮೇಲೆ, ಸಿಎಸ್‌ವಿ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದ ಕ್ಷಣದಲ್ಲಿ. ಎಕ್ಸೆಲ್ ನಿಮ್ಮನ್ನು ಒಂದು ಮಾತೂ ಕೇಳದೆ ಪ್ರತಿಯೊಂದು ವಿವರವನ್ನೂ ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತದೆ.

ನಿಮ್ಮ ಅರ್ಜಿಯಲ್ಲಿ ಪಹಣಿಯ ಸರ್ವೆ ನಂಬರ್ ಖಂಡಿತ ಇರುತ್ತದೆ. ಸರ್ವೆ ನಂಬರ್ 12, ಹಿಸ್ಸಾ 3. ಬರೆಯುವುದು 12/3 ಎಂದು. ಎಕ್ಸೆಲ್‌ಗೆ ಅದು ಮಾರ್ಚ್ 12. ಕಂಪ್ಯೂಟರಿನಲ್ಲಿ ಪ್ರದೇಶವನ್ನು ಅಮೆರಿಕ ಎಂದು ಬಿಟ್ಟಿದ್ದರೆ ಡಿಸೆಂಬರ್ 3. ಅಯ್ಯೋ ಎಂದು ಆ ಕಾಲಂ ಅನ್ನು ಪಠ್ಯಕ್ಕೆ ಬದಲಾಯಿಸಿದರೆ 12/3 ಮರಳಿ ಬರುವುದಿಲ್ಲ, 45728ರಂತಹ ಸಂಖ್ಯೆ ಬರುತ್ತದೆ. 1900ರ ಜನವರಿ 1ನ್ನು ಒಂದು ಎಂದು ಎಣಿಸುತ್ತ ಬಂದರೆ 2025ರ ಮಾರ್ಚ್ 12ಕ್ಕೆ ಎಕ್ಸೆಲ್ ಕೊಟ್ಟ ಸಂಖ್ಯೆ ಅದು; ಫೈಲ್ ತೆರೆದ ವರ್ಷಕ್ಕೆ ತಕ್ಕಂತೆ ಬದಲಾಗುತ್ತದೆ. 145/2 ಮಾತ್ರ ಏನೂ ಆಗದೆ ಉಳಿಯುತ್ತದೆ, ಏಕೆಂದರೆ 145ನೇ ತಾರೀಖು ಯಾವ ತಿಂಗಳಲ್ಲೂ ಇಲ್ಲ. ಹೀಗೆ ಅರ್ಧ ಕಾಲಂ ಸರಿ, ಅರ್ಧ ಕಾಲಂ ತಪ್ಪು ಎಂದಾಗುವುದರಿಂದ ಮೇಲಿನ ಹತ್ತು ಸಾಲು ನೋಡಿ ಸಮಾಧಾನಪಟ್ಟವರಿಗೆ ಇದು ಗೊತ್ತೇ ಆಗುವುದಿಲ್ಲ.

ಜಮೀನಿನ ವಿಸ್ತೀರ್ಣ ಇನ್ನೂ ಘಾಟಿ. 2 ಎಕರೆ 10 ಗುಂಟೆಯನ್ನು 2-10 ಎಂದು ಬರೆದಿದ್ದರೆ ಎಕ್ಸೆಲ್ ಅದನ್ನು ಗಾಂಧಿ ಜಯಂತಿ ಮಾಡುತ್ತದೆ. 2.10 ಎಂದು ಬರೆದಿದ್ದರೆ ಕೊನೆಯ ಸೊನ್ನೆ ಉದುರಿ 2.1 ಆಗುತ್ತದೆ, ಓದಿದವರಿಗೆ 2 ಎಕರೆ 1 ಗುಂಟೆ. ಒಂಬತ್ತು ಗುಂಟೆ ಹೋಯಿತು. ಮೊತ್ತ ಹಾಕಿದರೆ ಇನ್ನೂ ಮೋಜು: 2 ಎಕರೆ 20 ಗುಂಟೆ, 1 ಎಕರೆ 30 ಗುಂಟೆ ಸೇರಿದರೆ 4 ಎಕರೆ 10 ಗುಂಟೆ ಆಗಬೇಕು. 2.20 ಮತ್ತು 1.30 ಕೂಡಿಸಿ ಎಕ್ಸೆಲ್ 3.5 ಎನ್ನುತ್ತದೆ. ತಪ್ಪು ಎಕ್ಸೆಲ್‌ನದಲ್ಲ. ಎಕರೆಗೆ 40 ಗುಂಟೆ ಎಂದು ಅದಕ್ಕೆ ಯಾರೂ ಹೇಳಿಲ್ಲ, ಬಿಂದು ಕಂಡರೆ ದಶಾಂಶ ಎಂದುಕೊಳ್ಳುತ್ತದೆ. ಆದ್ದರಿಂದ ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ. ಮೂರನೆಯದರಲ್ಲಿ ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಕೂಡಿಸಿ. ಮೊತ್ತವೆಲ್ಲ ಆ ಮೂರನೇ ಕಾಲಂನಲ್ಲೇ ನಡೆಯಲಿ.

ಬ್ಯಾಂಕ್ ಖಾತೆ ಸಂಖ್ಯೆಯ ಕಥೆ ನನ್ನ ಸ್ವಂತದ್ದು. ಹತ್ತು ವರ್ಷಗಳಿಗೂ ಹಿಂದೆ, ಮೈಸೂರಿನ ಹತ್ತಿರದ ಒಂದು ಸಹಕಾರ ಸಂಘಕ್ಕೆ ನಾನು ಲೆಕ್ಕ ಬರೆದುಕೊಡುತ್ತಿದ್ದೆ. ಗೌರಿ ಹಬ್ಬಕ್ಕೆ ಮೊದಲು ಸದಸ್ಯರಿಗೆ ಬೋನಸ್ ಹಾಕಬೇಕು. ಅರ್ಜಿಗಳಿಂದ ಖಾತೆ ಸಂಖ್ಯೆಗಳನ್ನು ತೆಗೆದು, ಸಿಎಸ್‌ವಿ ತೆರೆದು, ಉಳಿಸಿ, ಬ್ಯಾಂಕಿಗೆ ಪಟ್ಟಿ ಕಳುಹಿಸಿದೆ. ಮೂವತ್ತಕ್ಕೂ ಹೆಚ್ಚು ಪಾವತಿಗಳು ವಾಪಸು ಬಂದವು. ಎಲ್ಲವೂ ಒಂದೇ ಬ್ಯಾಂಕಿನವು, ಎಲ್ಲದರ ಕೊನೆಯ ಅಂಕಿಯೂ ಸೊನ್ನೆ. ಎಕ್ಸೆಲ್ ಯಾವುದೇ ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಆಮೇಲಿನದಕ್ಕೆ ಸೊನ್ನೆ ಹಾಕುತ್ತದೆ. ಆ ಬ್ಯಾಂಕಿನ ಖಾತೆ ಸಂಖ್ಯೆ 16 ಅಂಕಿಯದು. ಉಳಿಸಿದ ಫೈಲಿನಿಂದ ಕಳೆದುಹೋದ ಅಂಕಿಯನ್ನು ಮರಳಿ ಪಡೆಯುವ ಯಾವ ವಿದ್ಯೆಯೂ ಇಲ್ಲ. ಹಬ್ಬದ ಹಿಂದಿನ ಸಂಜೆ ಸಂಘದ ಕಾರ್ಯದರ್ಶಿ ಮೂಲ ಅರ್ಜಿ ಓದುತ್ತಿದ್ದರು, ನಾನು ಒಂದೊಂದೇ ತಿದ್ದುತ್ತಿದ್ದೆ. ಅವರು ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ಬಿಸಿ ತಟ್ಟಿತು.

12 ಅಂಕಿಯ ಆಧಾರ್ ಸಂಖ್ಯೆ 15ರ ಒಳಗಿರುವುದರಿಂದ ಅಂಕಿ ಕಳೆಯುವುದಿಲ್ಲ, ಆದರೆ '2.34ಇ+11' ಎಂಬಂಥ ವೇಷದಲ್ಲಿ ಕಾಣುತ್ತದೆ. ಆ ರೂಪದಲ್ಲೇ ಮತ್ತೆ ಸಿಎಸ್‌ವಿಯಾಗಿ ಉಳಿಸಿದರೆ ಅದೂ ಹೋದಂತೆಯೇ. ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆಗಳು ತಲೆ ಕಳೆದುಕೊಳ್ಳುತ್ತವೆ. ನಿಜವಾಗಿ ಕೇಳಿದರೆ, ಪೂರ್ತಿ ಆಧಾರ್ ಸಂಖ್ಯೆ ನಿಮ್ಮ ಎಕ್ಸೆಲ್‌ನಲ್ಲಿ ಏಕಿರಬೇಕು ಎಂದು ಆಡಳಿತ ಮಂಡಳಿಯನ್ನು ಒಮ್ಮೆ ಕೇಳಿ. ಗುರುತಿಗೆ ಕೊನೆಯ ನಾಲ್ಕು ಅಂಕಿ ಸಾಕಾಗಬಹುದು.

ಇಷ್ಟೆಲ್ಲಕ್ಕೂ ಮದ್ದು ಒಂದೇ: ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬಾರದು. ಖಾಲಿ ಎಕ್ಸೆಲ್ ತೆರೆದು, ಡೇಟಾ ಮೆನುವಿನಲ್ಲಿ ಪಠ್ಯ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆಗೆ ಹೋಗಿ. ಅಲ್ಲಿ ಫೈಲಿನ ಮೂಲ '65001 ಯೂನಿಕೋಡ್ ಯುಟಿಎಫ್-8' ಎಂದು ಆರಿಸಿ, ಇಲ್ಲದಿದ್ದರೆ ಕನ್ನಡ ಹೆಸರುಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಮಾಹಿತಿಯ ಬಗೆಯನ್ನು ತಾನಾಗಿ ಗುರುತಿಸಬೇಡ ಎಂಬ ಆಯ್ಕೆಯನ್ನೂ ಆರಿಸಿ. ಲಿಬ್ರೆ ಆಫೀಸ್ ಕ್ಯಾಲ್ಕ್ ಈ ವಿಷಯದಲ್ಲಿ ಹೆಚ್ಚು ಸಭ್ಯ. ಸಿಎಸ್‌ವಿ ತೆರೆದ ಕೂಡಲೇ ಯಾವ ಕಾಲಂ ಏನು ಎಂದು ತಾನೇ ಕೇಳುತ್ತದೆ, ಎಲ್ಲವನ್ನೂ ಪಠ್ಯ ಎಂದು ಹೇಳಿದರೆ ಮುಗಿಯಿತು. ಮೈಕ್ರೋಸಾಫ್ಟ್ 365 ಇದ್ದರೆ, ತಾನಾಗಿ ಬದಲಾಯಿಸುವ ಈ ಚಾಳಿಯನ್ನು ಆಯ್ಕೆಗಳ ಪುಟದಲ್ಲಿ ಭಾಗಶಃ ನಿಲ್ಲಿಸಲೂಬಹುದು. ಪ್ರೋಗ್ರಾಂ ನೇರವಾಗಿ ಎಕ್ಸೆಲ್ ಫೈಲ್ ಬರೆಯಲಿ ಎಂದು ಮೇಲೆ ಹೇಳಿದ್ದು ಈ ಇಡೀ ಗಂಡಾಂತರವನ್ನೇ ತಪ್ಪಿಸಲು.

ಬಂದ ಮೇಲೆ ಪರೀಕ್ಷೆ. ಮೊಬೈಲ್ 10 ಅಂಕಿ, ಐಎಫ್‌ಎಸ್‌ಸಿ 11 ಅಕ್ಷರ. ಉದ್ದ ಅಳೆಯುವ 'ಲೆನ್' ಸೂತ್ರ ಸಾಕು. ಐಎಫ್‌ಎಸ್‌ಸಿಯ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ 'ಓ' ಅಕ್ಷರ ಹೊಡೆದವರು ಪ್ರತಿ ನೂರರಲ್ಲಿ ಕೆಲವರಾದರೂ ಸಿಕ್ಕೇ ಸಿಗುತ್ತಾರೆ. ಒಂದೇ ಖಾತೆ ಎರಡು ಬಾರಿ ಬಂದಿದೆಯೇ ಎಂದು ನೋಡಲು 'ಕೌಂಟ್‌ಇಫ್' ಸೂತ್ರ ಬಳಸುವಾಗ ಮಾತ್ರ ಎಚ್ಚರ: ಕಾಲಂ ಪಠ್ಯವಾಗಿದ್ದರೂ ಆ ಸೂತ್ರ ಒಳಗೊಳಗೇ ಅದನ್ನು ಸಂಖ್ಯೆ ಮಾಡಿಕೊಂಡು 15 ಅಂಕಿಗಳನ್ನಷ್ಟೇ ಹೋಲಿಸುತ್ತದೆ. ಕೊನೆಯ ಅಂಕಿ ಮಾತ್ರ ಬೇರೆ ಇರುವ ಅಣ್ಣ ತಮ್ಮಂದಿರ ಖಾತೆಗಳು ಒಂದೇ ಎಂದು ತೋರಿಸುತ್ತದೆ. ಹುಡುಕುವ ಮೌಲ್ಯದ ಕೊನೆಗೆ ಒಂದು ನಕ್ಷತ್ರ ಚಿಹ್ನೆ ಜೋಡಿಸಿದರೆ ಅದನ್ನು ಪಠ್ಯವಾಗಿ ನೋಡುತ್ತದೆ, ತೊಂದರೆ ತಪ್ಪುತ್ತದೆ.

ಹೆಸರಿನ ಮೇಲೆ ಯಾವ ಹೋಲಿಕೆಯನ್ನೂ ಮಾಡಬೇಡಿ. ನಿಮ್ಮ ಕಡೆ ಒಂದೇ ಊರಿನಲ್ಲಿ ನಾಲ್ವರು ನಿಂಗೇಗೌಡರು ಸಿಗುವುದು ಹೊಸದಲ್ಲ. ಒಬ್ಬರೇ ಒಂದು ಕಡೆ ನಿಂಗೇಗೌಡ, ಇನ್ನೊಂದು ಕಡೆ ನಿಂಗೆಗೌಡ ಆಗಿರುವುದೂ ಉಂಟು. ಸದಸ್ಯತ್ವ ಸಂಖ್ಯೆಯೋ, ರಾಜ್ಯ ಸರ್ಕಾರದ ರೈತ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್ ಕೊಡುವ ಗುರುತಿನ ಸಂಖ್ಯೆಯೋ ಆಧಾರವಾಗಿರಲಿ. ಫ್ರೂಟ್ಸ್ ಸಂಖ್ಯೆ ಅಕ್ಷರಗಳಿಂದ ಆರಂಭವಾಗುವುದರಿಂದ ಎಕ್ಸೆಲ್ ಅದರ ತಂಟೆಗೆ ಹೋಗುವುದಿಲ್ಲ.

ಕನ್ನಡದ್ದೇ ಆದ ಒಂದು ತೊಡಕು ಇದೆ, ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ಸಿಗುವುದಿಲ್ಲ. ಅರ್ಕಾವತ್ತು ಹೊಡೆಯಲು ಬಾರದವರು, ಅಥವಾ ಅವಸರದಲ್ಲಿರುವವರು, ಅದರ ಜಾಗದಲ್ಲಿ ಕನ್ನಡದ ಒಂಬತ್ತನ್ನು ಹೊಡೆಯುತ್ತಾರೆ. 'ಕರ್ನಾಟಕ' ಎಂಬುದು 'ಕನಾ೯ಟಕ' ಆಗುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡೂ ಬೇರೆ. ಗ್ರಾಮ, ಬ್ಯಾಂಕ್ ಶಾಖೆಗಳ ಕಾಲಂನಲ್ಲಿ ೯ ಎಂಬ ಅಂಕಿಯನ್ನು ಒಮ್ಮೆ ಹುಡುಕಿ ನೋಡಿ, ಎಷ್ಟು ಸಿಗುತ್ತವೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಅದೇ ರೀತಿ, 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ತುಂಬಿದ ಅರ್ಜಿಗಳಿದ್ದರೆ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಬರುತ್ತವೆ. ಆ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಅಕ್ಷರಶೈಲಿ ಕಳಚಿದ ಕೂಡಲೇ ವೇಷವೂ ಕಳಚುತ್ತದೆ. ಮಾಹಿತಿ ಹಾಳಾಗಿಲ್ಲ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಸಾಧನಗಳಿವೆ. ಕಂಪ್ಯೂಟರಿನಲ್ಲೇ ಕೆಲಸ ಮಾಡುವಂಥದ್ದನ್ನು ಬಳಸಿ, ಇಂಗ್ಲಿಷ್ ಮತ್ತು ಅಂಕಿಗಳ ಕಾಲಂಗಳನ್ನು ಅದರ ಬಾಯಿಗೆ ಕೊಡಬೇಡಿ.

ಎರಡನೇ ರಾಶಿಯಲ್ಲಿ, ಅಂದರೆ ಜೇಬಿಲ್ಲದ ಆದರೆ ಅಕ್ಷರವಿರುವ ಅರ್ಜಿಗಳಲ್ಲಿ, ಎಲ್ಲವೂ ಒಂದೇ ನಮೂನೆಯಾದ್ದರಿಂದ ಪುಟದ ಇಂಥ ಜಾಗದಲ್ಲಿರುವ ಅಕ್ಷರಗಳನ್ನು ಓದು ಎಂದು ಪ್ರೋಗ್ರಾಂಗೆ ಹೇಳಬಹುದು. ಅಂಕಿಗಳು ಚೆನ್ನಾಗಿ ಬರುತ್ತವೆ. ಕನ್ನಡದಲ್ಲಿ ಒತ್ತು, ಗುಣಿತಗಳು ಹಿಂದುಮುಂದಾಗಿ ಬರಬಹುದು, ಏಕೆಂದರೆ ಪಿಡಿಎಫ್ ಉಳಿಸಿಕೊಂಡಿರುವುದು ನಾವು ಬರೆದ ಕ್ರಮವನ್ನಲ್ಲ, ಚಿತ್ರ ಬಿಡಿಸಿದ ಕ್ರಮವನ್ನು. ಈ ರಾಶಿ ನೂರರ ಒಳಗಿದ್ದರೆ ಪ್ರೋಗ್ರಾಂ ಬರೆಸುವ ಬದಲು ಆ ಹುಡುಗರಿಂದಲೇ ಮತ್ತೊಮ್ಮೆ ತುಂಬಿಸುವುದು ಮೇಲು.

ಮೂರನೆಯದಕ್ಕೆ ಜಾದೂ ನಿರೀಕ್ಷಿಸಬೇಡಿ. ಮುದ್ರಿತ ಕನ್ನಡವನ್ನು ಚಿತ್ರದಿಂದ ಓದುವ ಟೆಸರಾಕ್ಟ್‌ನಂತಹ ಉಚಿತ ತಂತ್ರಾಂಶಗಳಿವೆ, ಆದರೆ ಹೊಲದ ಬದುವಿನಲ್ಲಿ ತೊಡೆಯ ಮೇಲಿಟ್ಟು ಬರೆದ ಕೈಬರಹ ಅವುಗಳ ಕೈಲಾಗುವುದಿಲ್ಲ. ಟೈಪ್ ಮಾಡಿ. ಆದರೆ ಖಾತೆ ಸಂಖ್ಯೆಯನ್ನು ಮಾತ್ರ ಇಬ್ಬರು ಬೇರೆ ಬೇರೆಯಾಗಿ, ಒಬ್ಬರದನ್ನೊಬ್ಬರು ನೋಡದೆ, ಎರಡು ಕಾಲಂಗಳಲ್ಲಿ ಹೊಡೆಯಿರಿ. ಎರಡೂ ಒಂದೇ ಆಗಿವೆಯೇ ಎಂದು 'ಎಕ್ಸಾಕ್ಟ್' ಸೂತ್ರ ಹೇಳುತ್ತದೆ. ನಿಮ್ಮ ಲೆಕ್ಕದಲ್ಲಿ 640 ಅರ್ಜಿಗೆ 22ರಂತೆ 14,080 ವಿವರಗಳು. ನೂರಕ್ಕೆ ಒಂದು ತಪ್ಪಿದರೂ 140. ಹೆಸರಿನಲ್ಲಿ ಒಂದು ದೀರ್ಘ ತಪ್ಪಿದರೆ ಸದಸ್ಯರು ನಕ್ಕು ತಿದ್ದಿಸಿಕೊಳ್ಳುತ್ತಾರೆ, ಖಾತೆ ಸಂಖ್ಯೆ ತಪ್ಪಿದರೆ ನಗುವುದಿಲ್ಲ.

ಇನ್ನು ಎಕ್ಸೆಲ್‌ನಿಂದ ಷೇರು ಪತ್ರ. ಬಂದ ದಾರಿಯಲ್ಲೇ ಹಿಂದಿರುಗುವ ಉಪಾಯವೂ ಇದೆ: ಷೇರು ಪತ್ರದ ಪಿಡಿಎಫ್‌ನಲ್ಲಿ ಜೇಬುಗಳನ್ನಿಟ್ಟು, ಎಕ್ಸೆಲ್‌ನ ಒಂದೊಂದು ಸಾಲನ್ನೂ ಅದಕ್ಕೆ ತುಂಬುವುದು. ಪಿಡಿಎಫ್‌ಟಿಕೆ ಎಂಬ ಉಚಿತ ಸಾಧನ ಇದನ್ನು ಮಾಡುತ್ತದೆ, ಪೈಪಿಡಿಎಫ್ ಕೂಡ ಮಾಡುತ್ತದೆ. ಇಂಗ್ಲಿಷ್ ಅರ್ಜಿಗೆ, ಬೇರೆಯವರು ಕೊಟ್ಟ ನಮೂನೆಯನ್ನೇ ತುಂಬಬೇಕಾದಾಗ, ಇದೇ ಸರಿ. ಕನ್ನಡದ ಷೇರು ಪತ್ರಕ್ಕೆ ನಾನು ಇದನ್ನು ಹೇಳುವುದಿಲ್ಲ. ಖಾನೆಗೆ ಗೊತ್ತುಮಾಡಿದ ಅಕ್ಷರಶೈಲಿಯಲ್ಲಿ ಕನ್ನಡ ಇರುವುದಿಲ್ಲ. ಇದ್ದರೂ ಈ ಸಾಧನಗಳಿಗೆ ಒತ್ತಕ್ಷರ ಕೂಡಿಸುವುದು ಗೊತ್ತಿಲ್ಲ. 'ಕೃಷ್ಣಪ್ಪ' ಎಂದು ತುಂಬಿದರೆ ಒಂದೋ ಖಾಲಿ ಚೌಕಗಳು ಬರುತ್ತವೆ, ಇಲ್ಲವೇ ಷಕಾರ, ಣಕಾರಗಳು ಕೈಬಿಟ್ಟ ಜಗಳಗಂಟರಂತೆ ಬೇರೆ ಬೇರೆ ನಿಲ್ಲುತ್ತವೆ. ತುಂಬಿದ ವಿವರ ಒಂದು ಕಂಪ್ಯೂಟರಿನಲ್ಲಿ ಕಂಡು ಇನ್ನೊಂದರಲ್ಲಿ ಕಾಣದಿರುವುದೂ ಇದೆ. ಜೇಬಿನಲ್ಲಿ ವಿವರ ಇದ್ದರೂ ಅದರ ಚಿತ್ರವನ್ನು ಪುಟದ ಮೇಲೆ ಯಾರೂ ಬಿಡಿಸಿರುವುದಿಲ್ಲ.

ಅದರ ಬದಲು ಮೇಲ್ ಮರ್ಜ್. ಷೇರು ಪತ್ರವನ್ನು ವರ್ಡ್‌ನಲ್ಲೋ ಲಿಬ್ರೆ ಆಫೀಸ್ ರೈಟರ್‌ನಲ್ಲೋ ಬರೆದು, ಹೆಸರು ಬರುವ ಕಡೆ ಎಕ್ಸೆಲ್‌ನ ಕಾಲಂ ಜೋಡಿಸಿ, ಕೊನೆಗೆ ಪಿಡಿಎಫ್ ಮಾಡುವುದು. ಕನ್ನಡ ಅಚ್ಚುಕಟ್ಟಾಗಿ ಬರುತ್ತದೆ, ಏಕೆಂದರೆ ಅಕ್ಷರ ಜೋಡಿಸುವ ಕೆಲಸ ಪಿಡಿಎಫ್ ಆಗುವ ಮುನ್ನವೇ ಮುಗಿದಿರುತ್ತದೆ. ವರ್ಡ್ ಎಲ್ಲ ಪತ್ರಗಳನ್ನೂ ಒಂದೇ ದೊಡ್ಡ ದಾಖಲೆಯಾಗಿ ಕೊಡುತ್ತದೆ. ಮುದ್ರಿಸಿ ಹಂಚುವುದಾದರೆ ಅದೇ ಸಾಕು. ಸದಸ್ಯರಿಗೆ ಒಂದೊಂದಾಗಿ ಕಳುಹಿಸಬೇಕಾದರೆ ರೈಟರ್ ಅನುಕೂಲ, ಅದು ಪತ್ರಗಳನ್ನು ಬಿಡಿ ಬಿಡಿ ಫೈಲುಗಳಾಗಿ ಉಳಿಸಿ, ನೀವು ಹೇಳಿದ ಕಾಲಂನಿಂದ ಫೈಲಿಗೆ ಹೆಸರನ್ನೂ ಇಡುತ್ತದೆ. ಅಲ್ಲಿ ಸದಸ್ಯತ್ವ ಸಂಖ್ಯೆಯ ಕಾಲಂ ಕೊಡಿ. ವರ್ಡ್‌ನ ಮೇಲ್ ಮರ್ಜ್‌ನಲ್ಲಿ ದಿನಾಂಕಗಳು ತಿಂಗಳು ಮುಂದಾಗಿ ಬರುವ ಅಭ್ಯಾಸವಿದೆ. ಎಕ್ಸೆಲ್‌ನಲ್ಲೇ 'ಟೆಕ್ಸ್ಟ್' ಸೂತ್ರದಿಂದ ದಿನಾಂಕವನ್ನು ನಮಗೆ ಬೇಕಾದ ರೂಪದ ಪಠ್ಯವಾಗಿಸಿದ ಇನ್ನೊಂದು ಕಾಲಂ ಮಾಡಿಕೊಂಡು ಅದನ್ನು ಜೋಡಿಸಿದರೆ ಆ ಗೋಜು ಇಲ್ಲ.

ಮುಂದಿನ ಸಾಲಿನ ಅರ್ಜಿಯನ್ನು ಹೊಸದಾಗಿ ಮಾಡುವ ಅವಕಾಶ ಸಿಕ್ಕರೆ, ಎಕ್ಸೆಲ್‌ನ ಕಾಲಂಗಳನ್ನು ಮೊದಲು ಬರೆದುಕೊಂಡು ಆಮೇಲೆ ಅರ್ಜಿ ಮಾಡಿ; ಕಾಲಂನ ತಲೆಬರಹವೇ ಜೇಬಿನ ಹೆಸರಾಗಲಿ. ಆಧಾರ್‌ನ 12 ಚೌಕಗಳನ್ನು 12 ಖಾನೆ ಮಾಡದೆ, 12 ಅಕ್ಷರದ ಮಿತಿಯಿರುವ ಒಂದೇ ಖಾನೆ ಮಾಡಿ. ಒಳಗೆ ಗೆರೆ ತೋರಿಸುವ ಆಯ್ಕೆ ಅಕ್ರೊಬ್ಯಾಟ್‌ನಲ್ಲಿದೆ. ಎಕರೆ, ಗುಂಟೆಗೆ ಬೇರೆ ಬೇರೆ ಖಾನೆ. ಸರ್ವೆ ನಂಬರ್, ಹಿಸ್ಸಾಗಳಿಗೂ ಹಾಗೆಯೇ. ಆಗ ಓರೆಗೆರೆಯೇ ಇರುವುದಿಲ್ಲ, ತಾರೀಖೂ ಆಗುವುದಿಲ್ಲ. ಗ್ರಾಮದ ಹೆಸರನ್ನು ಟೈಪ್ ಮಾಡಿಸದೆ ಪಟ್ಟಿಯಿಂದ ಆರಿಸುವಂತೆ ಇಡಿ. ಹಣ ಕೊಡದೆ ಇಂತಹ ಅರ್ಜಿ ಮಾಡಲು ಲಿಬ್ರೆ ಆಫೀಸ್ ರೈಟರ್ ಸಾಕು, ಪಿಡಿಎಫ್ ಆಗಿ ಹೊರತೆಗೆಯುವಾಗ ಅದನ್ನು ಪಿಡಿಎಫ್ ಅರ್ಜಿಯಾಗಿಸುವ ಗುರುತು ಹಾಕಿರಬೇಕು, ಅಷ್ಟೇ. ಅರ್ಜಿ ಪಿಡಿಎಫ್ ಆಗಿಯೇ ಇರಬೇಕೇ, ಗೂಗಲ್ ಫಾರ್ಮ್ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಹಿ ಹಾಕಿದ ಕಾಗದ ಕಡತದಲ್ಲಿ ಇರಬೇಕಾದ ಕಡೆ ಪಿಡಿಎಫ್ ಬೇಕು. ಸಹಿ ಬೇಡದ ಸಮೀಕ್ಷೆ, ಬೀಜದ ಬೇಡಿಕೆ, ತರಬೇತಿಯ ಹಾಜರಿ ಇಂಥದ್ದಕ್ಕೆ ಪಿಡಿಎಫ್ ಮಾಡುವುದು ನೊಣ ಹೊಡೆಯಲು ಒನಕೆ ತಂದಂತೆ.

ಸೋಮವಾರ ಕಚೇರಿಗೆ ಹೋದಾಗ ಮೊದಲ ರಾಶಿಯಿಂದ ಹತ್ತು ಅರ್ಜಿಗಳನ್ನು ತೆಗೆದುಕೊಳ್ಳಿ. ಅವುಗಳಲ್ಲಿ ಒಂದರ ಸರ್ವೆ ನಂಬರ್ 12ರ ಒಳಗಿರಲಿ, ಒಂದರ ಖಾತೆ ಸಂಖ್ಯೆ 16 ಅಂಕಿಯದಾಗಿರಲಿ, ಒಂದರ ಖಾತೆ ಸೊನ್ನೆಯಿಂದ ಆರಂಭವಾಗಲಿ, ಒಂದರ ಹೆಸರಿನಲ್ಲಿ ಅರ್ಕಾವತ್ತು ಇರಲಿ. ಈ ಹತ್ತೂ ಸರಿಯಾಗಿ ಎಕ್ಸೆಲ್‌ಗೆ ಬಂದು, ಅಲ್ಲಿಂದ ಸರಿಯಾಗಿ ಷೇರು ಪತ್ರವಾದರೆ ಉಳಿದದ್ದನ್ನು ಹಾಕಿ. ಎಲ್ಲಾದರೂ ಸಿಕ್ಕಿಕೊಂಡರೆ ನನಗೆ ನಿಮ್ಮ ಖಾಲಿ ಅರ್ಜಿಯ ಒಂದು ಪ್ರತಿ ಕಳುಹಿಸಿ, ನೋಡಿ ಹೇಳುತ್ತೇನೆ. ತುಂಬಿದ್ದು ಒಂದೂ ಬೇಡ.